ಬಲ್ಮಠದ ಬೋರ್ಡಿಂಗ್ ಶಾಲೆಯೂ ನಮ್ಮ ಹಿರಿಯರ ಹೆದರಿಕೆಯೂ

ಕಳೆದ ವರ್ಷ ಮೇ ತಿಂಗಳಲ್ಲಿ ಅಗಲ್ಪಾಡಿಯ ತಂಗಿಯ ಮನೆಗೆ ಹೋಗಿದ್ದೆ. ತಂಗಿಯ ಮಗಳು ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಪಾಸಾಗಿದ್ದಳು. ಅಂಕಗಳು ಚೆನ್ನಾಗಿದ್ದವು. ಮಂಗಳೂರಿನಲ್ಲಿ ಪಿಯುಸಿಗೆ ಸೇರಬೇಕು, ವಿಜ್ಞಾನ ಓದಬೇಕು ಎಂಬುದು ಅವಳ ಆಸೆ. ದಿನಾ ಅಗಲ್ಪಾಡಿಯಿಂದ ಮಂಗಳೂರಿಗೆ ಹೋಗಿ ಬರುವುದು ಆಗದ ಮಾತು. ಕ್ರೈಸ್ತ ಸಿಸ್ಟರ್‌ಗಳು ನಡೆಸುವ ಒಂದು ಹಾಸ್ಟೆಲಿನಲ್ಲಿ ಸೀಟು ಸಿಗುವ ಹಾಗಿತ್ತು.

ಮಧ್ಯಾಹ್ನದ ಊಟ ಮುಗಿದು ಎಲ್ಲರೂ ಚಾವಡಿಯಲ್ಲಿ ಕೂತಾಗ ವಿಷಯ ಎದ್ದಿತು. ನಮ್ಮ ಮಾಮನಿಗೆ ಎಂಬತ್ತು ಹತ್ತಿರವಾಗಿದೆ. ಅವರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಒಂದೇ ಮಾತು ಹೇಳಿದರು: "ಪಾದ್ರಿಗಳ ಬೋರ್ಡಿಂಗಿಗೆ ಹೋದ ಮಗು ಅದೇ ಮಗುವಾಗಿ ವಾಪಸು ಬರುವುದಿಲ್ಲ."

ಹುಡುಗಿ ತಲೆ ತಗ್ಗಿಸಿದಳು. ತಂಗಿ ನನ್ನ ಮುಖ ನೋಡಿದಳು. ನಾನು ಮಾಡಿನ ಕಡೆ ನೋಡಿದೆ. ಆ ಮನೆ ನಮ್ಮ ಉಪ್ಪಾಪ ಕಟ್ಟಿಸಿದ್ದು. ಮಳೆಗಾಲಕ್ಕೆ ಮೊದಲು ಹೆಂಚು ಕಳಚಿ ಒರೆಸುವಾಗ ಹಳೆಯ ಹೆಂಚುಗಳ ಬೆನ್ನಿನಲ್ಲಿ ಬಾಸೆಲ್ ಮಿಷನ್ ಎಂಬ ಉಬ್ಬಿದ ಅಕ್ಷರಗಳು ಕಾಣುತ್ತಿದ್ದುದು ನನಗೆ ಚಿಕ್ಕಂದಿನಿಂದಲೂ ನೆನಪು. "ಮಾಮ, ಎಪ್ಪತ್ತು ವರ್ಷದಿಂದ ಪಾದ್ರಿಗಳ ಹೆಂಚಿನ ಅಡಿಯಲ್ಲೇ ಮಲಗಿದ್ದೇವಲ್ಲ?" ಎಂದೆ.

"ಹೆಂಚಿಗೆ ಈಮಾನ್ ಇಲ್ಲವಲ್ಲ ಮೋನೇ" ಎಂದರು ಮಾಮ. ಎಲ್ಲರೂ ನಕ್ಕರು. ಮಾತು ಅಲ್ಲಿಗೆ ನಿಂತಿತು, ತೀರ್ಮಾನ ಆಗಲಿಲ್ಲ.

ಮಂಗಳೂರಿಗೆ ವಾಪಸು ಬಂದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಮಾಮ ಸುಮ್ಮನೆ ಹಟ ಮಾಡುವವರಲ್ಲ. ಈ ಹೆದರಿಕೆ ಅವರಿಗೆ ಅವರ ಉಪ್ಪನಿಂದ ಬಂದದ್ದು, ಅವರಿಗೆ ಅವರ ಹಿರಿಯರಿಂದ. ಎಲ್ಲಿಂದ ಶುರುವಾಯಿತು ಇದು? ನಮ್ಮ ಕರಾವಳಿಯಲ್ಲಿ ಮಿಷನ್ನಿನವರು ಮೊದಲು ಬೋರ್ಡಿಂಗ್ ಶಾಲೆ ತೆರೆದಾಗ ನಿಜಕ್ಕೂ ಏನಾಯಿತು? ಅದನ್ನು ತಿಳಿಯೋಣವೆಂದು ಓದಲು ಕೂತೆ. ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ನಮ್ಮ ಎಷ್ಟೋ ಮನೆಗಳಲ್ಲಿ ಪ್ರತಿ ಮೇ ತಿಂಗಳಲ್ಲಿ ಇದೇ ಚರ್ಚೆ ನಡೆಯುತ್ತದೆ ಎಂಬುದು ನನಗೆ ಗೊತ್ತು.

ಮೊದಲೇ ಒಂದು ಮಾತು. ನಮ್ಮ ಹಿರಿಯರ ಕಣ್ಣಿಗೆ ಎಲ್ಲರೂ ಪಾದ್ರಿಗಳೇ. ಆದರೆ ಮಂಗಳೂರಿನಲ್ಲಿ ಎರಡು ಬೇರೆ ಬೇರೆ ಧಾರೆಗಳಿವೆ. ಕೊಂಕಣಿ ಮಾತಾಡುವ ಕೆಥೊಲಿಕರು ಇಲ್ಲಿ ಶತಮಾನಗಳಿಂದ ಇದ್ದವರು. ಸಿಸ್ಟರ್‌ಗಳ ಹಾಸ್ಟೆಲುಗಳು ಅವರವು. ಹೆಂಚಿನ ಮೇಲೆ ಹೆಸರಿರುವ ಬಾಸೆಲ್ ಮಿಷನ್ ಪ್ರಾಟೆಸ್ಟಂಟರದ್ದು, ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ್ದು. ನಮ್ಮ ಕಡೆಯ ಬೋರ್ಡಿಂಗ್ ಶಾಲೆಯ ಕಥೆ ಈ ಎರಡನೆಯವರಿಂದ ಶುರುವಾಗುತ್ತದೆ.

ಮೂವರು ಬಂದದ್ದು

1833ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸನ್ನದು ನವೀಕರಣವಾದಾಗ ಬ್ರಿಟಿಷರಲ್ಲದ ಮಿಷನರಿಗಳಿಗೂ ಇಲ್ಲಿ ಬಂದು ನೆಲೆಸಲು ದಾರಿ ತೆರೆಯಿತು. ಮರುವರ್ಷವೇ ಬಾಸೆಲ್ ಮಿಷನ್ ಮೂವರನ್ನು ಕಳಿಸಿತು: ಸ್ಯಾಮುವೆಲ್ ಹೆಬಿಕ್, ಯೋಹಾನ್ ಕ್ರಿಸ್ಟೋಫ್ ಲೇನರ್, ಕ್ರಿಸ್ಟಿಯಾನ್ ಲಿಯೋನಾರ್ಡ್ ಗ್ರೈನರ್. ಅವರು 1834ರ ಅಕ್ಟೋಬರ್ 14ರಂದು ಕಲ್ಲಿಕೋಟೆಯಲ್ಲಿ ಇಳಿದರು, ತಿಂಗಳ ಕೊನೆಗೆ ಮಂಗಳೂರು ತಲುಪಿದರು. ಆಗ ಕಾಸರಗೋಡೂ ಮಂಗಳೂರೂ ಒಂದೇ ಜಿಲ್ಲೆ, ಮದ್ರಾಸ್ ಪ್ರಾಂತ್ಯದ ಕೆನರಾ, ಮುಂದೆ ದಕ್ಷಿಣ ಕನ್ನಡ. 1956ರ ನವೆಂಬರ್ 1ರವರೆಗೂ ನಾವು ಆ ಜಿಲ್ಲೆಯವರೇ ಆಗಿದ್ದೆವು. ಆದ್ದರಿಂದ ಮಂಗಳೂರಿನ ಈ ಕಥೆ ಅಗಲ್ಪಾಡಿಯದ್ದೂ ಹೌದು.

ಎರಡು ವರ್ಷದ ಬಳಿಕ, 1836ರ ಕೊನೆಗೆ, ಹೆರ್ಮನ್ ಮೋಗ್ಲಿಂಗ್ ಬಂದರು. ಹುಟ್ಟಿದ್ದು 1811ರಲ್ಲಿ, ಜರ್ಮನಿಯ ವೂರ್ಟೆಂಬೆರ್ಗ್ ಸೀಮೆಯಲ್ಲಿ. ಬಾಸೆಲ್ ಮಿಷನ್ನಿಗೆ ಸೇರುತ್ತಿದ್ದವರಲ್ಲಿ ಬಹಳ ಮಂದಿ ರೈತರ, ಕುಶಲಕರ್ಮಿಗಳ ಮಕ್ಕಳು. ಮೋಗ್ಲಿಂಗ್ ಮಾತ್ರ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಬಂದ ಕೆಲವೇ ತಿಂಗಳಲ್ಲಿ, 1837ರ ಏಪ್ರಿಲಿನಲ್ಲಿ, ಊರಿನಲ್ಲಿ ದೊಡ್ಡ ದಂಗೆ. ನಮ್ಮ ಹಿರಿಯರ ಬಾಯಲ್ಲಿ 'ಕಲ್ಯಾಣಪ್ಪನ ಕಾಟಕಾಯಿ' ಎಂದು ಉಳಿದಿರುವುದು ಅದೇ. ದಂಗೆಕೋರರ ಒಂದು ತಂಡ ಕುಂಬಳೆ, ಕಾಸರಗೋಡು, ಮಂಜೇಶ್ವರದ ದಾರಿಯಾಗಿಯೂ ಬಂದಿತ್ತು. ಮಂಗಳೂರು ಕೆಲವು ದಿನ ಅವರ ಕೈಯಲ್ಲಿತ್ತು, ಕಂಪೆನಿ ಅಧಿಕಾರಿಗಳು ಕಡಲ ದಾರಿ ಹಿಡಿದು ಕಣ್ಣೂರಿಗೆ ಓಡಿದರು. ಹೊರಗಿನಿಂದ ಬಂದ ಬಿಳಿಯರ ಮೇಲೆ ಊರಿನ ಸಂಶಯ ಹಸಿಯಾಗಿದ್ದ ಕಾಲ ಅದು.

ಅಂಥ ಹೊತ್ತಿನಲ್ಲಿ ಮೋಗ್ಲಿಂಗ್ ಕೈಬೆರಳಲ್ಲಿ ಎಣಿಸುವಷ್ಟು ಹುಡುಗರನ್ನು ತನ್ನ ಜೊತೆಗೆ ಇಟ್ಟುಕೊಂಡು ಪಾಠ ಶುರು ಮಾಡಿದರು. ಮೇಷ್ಟ್ರು ಬಂಗಲೆಯಲ್ಲಿ, ಮಕ್ಕಳು ಕೊಟ್ಟಿಗೆಯಲ್ಲಿ ಎಂಬ ಹಾಗಲ್ಲ, ಮಕ್ಕಳ ಜೊತೆಗೇ ವಾಸ. ಮಿಷನರಿ ಇಲ್ಲಿನ ಜನರಂತೆ ಸರಳವಾಗಿ ಬದುಕಬೇಕು ಎಂಬುದು ಅವರ ಪಟ್ಟು. ಅದೇ ವರ್ಷಗಳಲ್ಲಿ, 1838ರಲ್ಲಿ, ಮಿಷನ್ನಿನ ಇಂಗ್ಲಿಷ್ ಶಾಲೆಯೂ ತೆರೆಯಿತು. ಇಂದು ಬಿಇಎಂ ಎಂದು ಕರೆಯುವ ಶಾಲೆಗೆ ಮೂಲ ಅದು. 1840ರ ಸುಮಾರಿಗೆ ಕಲೆಕ್ಟರ್ ಬ್ಲೇರ್ ಅವರ ಕೊಡುಗೆಯಾಗಿ ಬಲ್ಮಠದ ಗುಡ್ಡದ ಮೇಲಿನ ಜಾಗ ಮಿಷನ್ನಿನ ಕೈಗೆ ಬಂತು. ಹುಡುಗರ ಬೋರ್ಡಿಂಗ್ ಅಲ್ಲಿ ಬೇರು ಬಿಟ್ಟಿತು. 1847ರಲ್ಲಿ ಅದರಿಂದಲೇ ಉಪದೇಶಿಗಳನ್ನೂ ಬೋಧಕರನ್ನೂ ತಯಾರು ಮಾಡುವ ಸೆಮಿನರಿ ರೂಪುಗೊಂಡಿತು. ಇಂದು ಅಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇದೆ. ಬಸ್ಸಿನಲ್ಲಿ ಆ ಏರು ಹತ್ತುವಾಗ ನಾವು ದಿನಾ ನೋಡುವ ಆವರಣ ಅದು.

ಬೋರ್ಡಿಂಗ್ ಯಾಕೆ?

ಹಗಲು ಬಂದು ಸಂಜೆ ಹೋಗುವ ಶಾಲೆ ಸಾಕಿತ್ತಲ್ಲ, ಮಕ್ಕಳನ್ನು ರಾತ್ರಿಯೂ ಇಟ್ಟುಕೊಳ್ಳುವುದು ಯಾಕೆ? ಮಾಮನ ಪ್ರಶ್ನೆಯ ಮೂಲ ಇರುವುದು ಇಲ್ಲಿ. ಓದಿದಷ್ಟಕ್ಕೆ ನನಗೆ ಮೂರು ಕಾರಣ ಕಂಡವು.

ಒಂದನೆಯದು ಅವರೇ ಮುಚ್ಚಿಡದ ಕಾರಣ. ಮಗುವನ್ನು ಮನೆಯ ಆಚಾರ, ದೈವ, ಜಾತಿ, ಬಂಧುಗಳಿಂದ ಬೇರೆ ಮಾಡಿದರೆ ಮಾತ್ರ ಹೊಸ ಮನುಷ್ಯನನ್ನು ಮಾಡಬಹುದು ಎಂಬ ನಂಬಿಕೆ. ಬೆಳಿಗ್ಗೆ ಎದ್ದರೆ ಪ್ರಾರ್ಥನೆ, ಬೈಬಲ್, ಕನ್ನಡ ಓದು ಬರಹ, ಲೆಕ್ಕ, ಭೂಗೋಳ, ಹಾಡು, ರಾತ್ರಿ ಮತ್ತೆ ಪ್ರಾರ್ಥನೆ. ಇಡೀ ದಿನ ಒಂದೇ ಗಂಟೆಯ ಲೆಕ್ಕಕ್ಕೆ ನಡೆಯಬೇಕು. ಇದನ್ನು ಅವರು ನಮ್ಮ ಮಕ್ಕಳಿಗಾಗಿ ಹೊಸದಾಗಿ ಕಂಡುಹಿಡಿದದ್ದಲ್ಲ. ಬಾಸೆಲಿನ ಮಿಷನ್ ಮನೆಯಲ್ಲಿ ಅವರೂ ಹಾಗೆಯೇ ತರಬೇತಾದವರು.

ಎರಡನೆಯದು ಬೇರೆ ಥರದ್ದು. ಬಿಲ್ಲವರಲ್ಲಿ, ಹೊಲೆಯರಲ್ಲಿ ಯಾರಾದರೂ ಮತಾಂತರವಾದರೆ ಅವರಿಗೆ ಮನೆಯೂ ಇಲ್ಲ, ಕಸುಬೂ ಇಲ್ಲ, ಒಕ್ಕಲಿನ ಜಾಗವೂ ಇಲ್ಲ ಎಂದಾಗುತ್ತಿತ್ತು. ಅನಾಥ ಮಕ್ಕಳೂ ಇದ್ದರು. ಅವರಿಗೆ ಬೋರ್ಡಿಂಗ್ ಎಂದರೆ ಮನೆಯಿಂದ ದೂರ ಇರುವ ಜಾಗವಲ್ಲ, ಇರುವ ಒಂದೇ ಮನೆ. ಅಲ್ಲಿನ ಗಂಜಿ ಊಟ ಅವರ ಪಾಲಿಗೆ ಸಣ್ಣ ಸಂಗತಿಯಲ್ಲ. ಆ ಮಕ್ಕಳು ದೊಡ್ಡವರಾದಾಗ ಕೆಲಸ ಬೇಕಲ್ಲ. ನೇಯ್ಗೆ, ಮುದ್ರಣ, ಪುಸ್ತಕ ಕಟ್ಟುವುದು, ಕೊನೆಗೆ ಹೆಂಚು, ಎಲ್ಲ ಹಾಗೆ ಬಂದವು. 1865ರಲ್ಲಿ ಗಿಯೋರ್ಗ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ನಮ್ಮ ಅಗಲ್ಪಾಡಿ ಮನೆಯ ಮಾಡಿಗೆ ಬಂದ ಹೆಂಚು, ಜಾತಿಯಿಂದ ಹೊರಬಿದ್ದ ಜನರ ಹೊಟ್ಟೆಪಾಡಿಗಾಗಿ ಹುಟ್ಟಿದ ಕೈಗಾರಿಕೆಯದ್ದು.

ಮೂರನೆಯದು ಭಾಷೆ. ಮಿಷನ್ನಿಗೆ ಕನ್ನಡದಲ್ಲಿ ಓದಿ, ಬರೆದು, ಪಾಠ ಹೇಳಬಲ್ಲ ಜನ ಬೇಕಿತ್ತು. ಮನೆಯಲ್ಲಿ ತುಳು ಮಾತಾಡುವ ಹುಡುಗನಿಗೆ ಅದನ್ನು ಕಲಿಸಲು ವರ್ಷಗಳು ಹಿಡಿಯುತ್ತವೆ. ನಡುವೆ ನಾಟಿಗೆ, ಕೊಯ್ಲಿಗೆ ಮಗನನ್ನು ಮನೆಗೆ ಕರೆದುಕೊಂಡು ಹೋದರೆ ಓದು ಅಲ್ಲಿಗೆ ಮುಗಿಯಿತು.

ಓದುವಾಗ ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ವಿಷಯ. ಈ ಮಿಷನರಿಗಳು ಸ್ವಂತ ಮಕ್ಕಳನ್ನೂ ಜೊತೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಮೋಗ್ಲಿಂಗರ ಗೆಳೆಯ ಹೆರ್ಮನ್ ಗುಂಡರ್ಟ್, ಮಲಯಾಳ ನಿಘಂಟು ಮಾಡಿದವರು, 1839ರಿಂದ ತಲಶ್ಶೇರಿಯಲ್ಲಿದ್ದರು. ಅವರ ಹೆಂಡತಿ ಜೂಲಿ ಅಲ್ಲಿ ಹೆಣ್ಣುಮಕ್ಕಳ ಬೋರ್ಡಿಂಗ್ ನಡೆಸುತ್ತಿದ್ದರು. ಅದೇ ದಂಪತಿಯ ಮಗಳು ಮರಿ 1842ರಲ್ಲಿ ತಲಶ್ಶೇರಿಯಲ್ಲೇ ಹುಟ್ಟಿದಳು. ಪುಟ್ಟ ಮಗುವಾಗಿರುವಾಗಲೇ ಅವಳನ್ನು ಯುರೋಪಿಗೆ ಕರೆದೊಯ್ದು ಅಲ್ಲೇ ಬಿಟ್ಟು ಬಂದರು. ಅವಳು ತಂದೆ ತಾಯಿಯ ಬಳಿಗೆ ಮತ್ತೆ ಬಂದದ್ದು ಹದಿನೈದರ ವಯಸ್ಸಿನಲ್ಲಿ. ಬಾಸೆಲಿನಲ್ಲಿ ಮಿಷನರಿಗಳ ಮಕ್ಕಳಿಗೆಂದೇ ಒಂದು ಮನೆ 1853ರಲ್ಲಿ ತೆರೆಯಿತು. ಮರಿಯ ಮಗನೇ ಮುಂದೆ ನೊಬೆಲ್ ಪಡೆದ ಲೇಖಕ ಹೆರ್ಮನ್ ಹೆಸ್ಸೆ. ಊರಿನ ಹೆಣ್ಣುಮಕ್ಕಳಿಗೆ ಊಟ ಬಡಿಸುತ್ತಿದ್ದ ತಾಯಿ ತನ್ನ ಮಗಳಿಗೆ ಬಡಿಸಲಿಲ್ಲ. ಮಗುವನ್ನು ಮನೆಯಿಂದ ದೂರ ಇಟ್ಟು ಬೆಳೆಸುವುದೇ ಸರಿ ಎಂಬ ನಂಬಿಕೆಗೆ ಅವರು ತಮ್ಮ ಮಕ್ಕಳನ್ನೂ ಒಪ್ಪಿಸಿದ್ದರು.

ನಮ್ಮ ದರ್ಸುಗಳೂ ಬೋರ್ಡಿಂಗೇ

ಹಾಗಂತ ಮಗುವನ್ನು ಓದಿಗಾಗಿ ಮನೆಯಿಂದ ಹೊರಗೆ ಕಳಿಸುವುದು ನಮಗೆ ಹೊಸದೇನಲ್ಲ. ಪೊನ್ನಾನಿಯ ದೊಡ್ಡ ಪಳ್ಳಿಯಿಂದ ಹಿಡಿದು ನಮ್ಮ ಊರೂರಿನ ಪಳ್ಳಿಗಳವರೆಗೆ ದರ್ಸ್ ನಡೆದುಕೊಂಡು ಬಂದದ್ದು ಹೊರಗಿನ ಮಕ್ಕಳಿಂದಲೇ. ನನ್ನ ಉಪ್ಪಾಪನ ಅಣ್ಣ ಹತ್ತು ವರ್ಷದ ಹುಡುಗನಾಗಿದ್ದಾಗ ಚಂದ್ರಗಿರಿ ಹೊಳೆ ದಾಟಿ ದರ್ಸಿಗೆ ಹೋದವರು. ಪಳ್ಳಿಯ ಮಹಡಿಯಲ್ಲಿ ಮಲಗುವುದು, ಉಸ್ತಾದರ ಮುಂದೆ ಕಿತಾಬ್ ಬಿಚ್ಚುವುದು, ಊಟಕ್ಕೆ ಊರಿನ ಒಂದು ಮನೆ. ಮೊದಲು ಕಾಣದ ಊರಿನ ಯಾರೋ ಒಬ್ಬ ಉಮ್ಮ ತನ್ನ ಮಕ್ಕಳ ಜೊತೆಗೆ ಈ ಹುಡುಗನಿಗೂ ಮೀನು ಸಾರು ಬಡಿಸುತ್ತಿದ್ದರು. ಆ ಮನೆಯವರ ಮದುವೆಗೆ ನಮ್ಮ ಮನೆಯವರು, ನಮ್ಮ ಮನೆಯ ಮದುವೆಗೆ ಅವರು, ಮೂರು ತಲೆಮಾರು ಹೋಗಿ ಬಂದಿದ್ದೇವೆ.

ಬಲ್ಮಠಕ್ಕೂ ಪಳ್ಳಿ ದರ್ಸಿಗೂ ಇರುವ ವ್ಯತ್ಯಾಸ ಇಲ್ಲಿದೆ. ಎರಡರಲ್ಲೂ ಮಗು ಮನೆ ಬಿಡುತ್ತದೆ. ಆದರೆ ದರ್ಸಿನ ಹುಡುಗ ಒಂದು ಮನೆ ಬಿಟ್ಟು ಇನ್ನೊಂದು ಮನೆಯ ಅಡಿಗೆಕೋಣೆಗೆ ಬರುತ್ತಾನೆ. ಮಿಷನ್ ಬೋರ್ಡಿಂಗಿನ ಹುಡುಗ ಮನೆಯ ನಂಬಿಕೆಯನ್ನೇ ಬಿಟ್ಟು ಬರಬೇಕು ಎಂಬುದು ಅದರ ಗುರಿ. ನಮ್ಮ ಹಿರಿಯರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಈ ವ್ಯತ್ಯಾಸ ಚೆನ್ನಾಗಿ ಅರ್ಥವಾಗಿತ್ತು. ಅವರನ್ನು ದಡ್ಡರು ಎನ್ನುವವರು ಇದನ್ನು ಗಮನಿಸಬೇಕು.

1844

ಹೆದರಿಕೆಗೆ ಕಾರಣ ಬೇಗನೇ ಸಿಕ್ಕಿತು. ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣ 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದ. ಅವನ ಜೊತೆಗೆ ಇನ್ನಿಬ್ಬರು ಗೆಳೆಯರು. ಇಡೀ ಮಂಗಳೂರು ಕದಡಿಹೋಯಿತು. ತಂದೆ ತಾಯಿಗಳು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡರು. ಆನಂದರಾಯರ ಹೆಂಡತಿ ಅವರ ಜೊತೆಗೆ ಹೋಗಲಿಲ್ಲ. ಅವರು ಮೋಗ್ಲಿಂಗರ ಹೆಸರನ್ನೇ ಸೇರಿಸಿಕೊಂಡು ಹೆರ್ಮನ್ ಆನಂದರಾವ್ ಕೌಂಡಿನ್ಯರಾದರು, ಬಾಸೆಲಿಗೆ ಹೋಗಿ ಓದಿದರು, 1851ರಲ್ಲಿ ಬೋಧಕರಾಗಿ ಮರಳಿ ಬಲ್ಮಠದ ಸೆಮಿನರಿಯಲ್ಲೇ ಪಾಠ ಹೇಳಿದರು. ಕೊಡಗಿನಲ್ಲಿ ಭೂಮಿ ಇಲ್ಲದ ಹೊಲೆಯರಿಗಾಗಿ ಎದ್ದ ಆನಂದಪುರ ಎಂಬ ಊರಿಗೂ ಅವರದೇ ಹೆಸರು. ಅವರ ಬದುಕನ್ನು ಓದಿದರೆ ಅವರನ್ನು ಯಾರೋ ಮರುಳು ಮಾಡಿದರು ಎಂದು ಹೇಳಲು ಬಾಯಿ ಬರುವುದಿಲ್ಲ. ಅವರು ಗಟ್ಟಿ ಮನುಷ್ಯ. ಆದರೆ ಮನೆಯಲ್ಲಿ ಉಳಿದವರ ದುಃಖವೂ ಸುಳ್ಳಲ್ಲ.

ಮಿಷನ್ನಿನ ಇಂಗ್ಲಿಷ್ ಶಾಲೆಗೂ ಮಂಗಳೂರಿನ ಬಂದರಿಗೂ ನಡೆದು ಹೋಗುವಷ್ಟೇ ದೂರ. ಬಂದರಿನಲ್ಲಿ ನಮ್ಮವರ ಅಕ್ಕಿ, ಮೆಣಸು, ಒಣಮೀನಿನ ಅಂಗಡಿಗಳು. ಸಾರಸ್ವತರ ಓಣಿಯಲ್ಲಿ ಎದ್ದ ಕೂಗು ನಮ್ಮವರ ಕಿವಿಗೆ ಬೀಳದೆ ಇರಲಿಲ್ಲ. ಓದಿದ, ಅಧಿಕಾರ ಇದ್ದ ಬ್ರಾಹ್ಮಣರ ಮಗನನ್ನೇ ಉಳಿಸಿಕೊಳ್ಳಲು ಆಗಲಿಲ್ಲ ಎಂದಾದರೆ ನಮ್ಮಂಥವರ ಗತಿ ಏನು ಎಂದು ಅಂಗಡಿಯಲ್ಲಿ ಕೂತ ಬ್ಯಾರಿ ಯೋಚಿಸಿದ್ದರೆ ಅದರಲ್ಲಿ ತಪ್ಪೇನು?

ಆದ್ದರಿಂದ ನನ್ನ ಮೊದಲ ಮಾತು ಇದು: ಮಾಮನ ಹೆದರಿಕೆ ಮೂಢನಂಬಿಕೆಯಲ್ಲ. ಅದಕ್ಕೆ ತಾರೀಕು ಇದೆ, ಜಾಗ ಇದೆ.

ಬೇರೆಯವರು ಏನು ಮಾಡಿದರು?

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅದೇ ಪೆಟ್ಟು ತಿಂದ ಬೇರೆಯವರು ಮುಂದೆ ಏನು ಮಾಡಿದರು ನೋಡಿ.

1878ರ ಕೊನೆಯ ದಿನ ಜೆಸುವಿಟರು ಮಂಗಳೂರಿಗೆ ಬಂದರು. ಕೆಥೊಲಿಕರು ಅವರ ಮೂಲಕ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರು ಮಾಡಿದರು. ಸಾರಸ್ವತರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ 1891ರಲ್ಲಿ ಕೆನರಾ ಹೈಸ್ಕೂಲ್ ಕಟ್ಟಿದರು. ಅವರದೇ ಸಮಾಜದ ಕುದ್ಮುಲ್ ರಂಗರಾವ್, ನಮ್ಮ ಕಾಸರಗೋಡಿನಲ್ಲಿ ಹುಟ್ಟಿದವರು, 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. 1897ರಲ್ಲಿ ಅದಕ್ಕಾಗಿಯೇ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಹೆಸರಿನಲ್ಲೇ ಮಿಷನ್ ಇದೆ ನೋಡಿ. ಬಾಸೆಲಿನವರನ್ನು ಒಪ್ಪದವರೂ ಅವರಿಂದ ಕೆಲಸ ಮಾಡುವ ಕ್ರಮ ಕಲಿತಿದ್ದರು.

ಎಲ್ಲರಿಗೂ ಹೆದರಿಕೆ ಇತ್ತು. ಅವರು ಹೆದರಿ ತಮ್ಮ ಶಾಲೆ ಕಟ್ಟಿದರು. ನಾವು ಹೆದರಿ ಬಾಗಿಲು ಮುಚ್ಚಿದೆವು. ಬಂದರಿನ ಬದ್ರಿಯಾದಂಥ ನಮ್ಮದೇ ಶಾಲೆಗಳು ಬಂದವು, ಆದರೆ ತಡವಾಗಿ ಬಂದವು. ನನ್ನ ಎರಡನೆಯ ಮಾತು ಇದು, ಮತ್ತು ಇದನ್ನು ಹೇಳುವುದು ನನಗೆ ಸುಲಭವಲ್ಲ.

ನಮ್ಮವರು ಅಕ್ಷರ ಇಲ್ಲದವರಾಗಿದ್ದರು ಎಂದು ಹೇಳಬೇಡಿ. ನಮ್ಮ ಅಜ್ಜಿಯರು ಕುರ್‌ಆನ್ ಓದುತ್ತಿದ್ದರು, ಅರಬಿ ಮಲಯಾಳದಲ್ಲಿ 1607ರ ಮೊಹಿಯುದ್ದೀನ್ ಮಾಲೆಯನ್ನು ಬಾಯಿಪಾಠವಾಗಿ ಹಾಡುತ್ತಿದ್ದರು. ಉಪ್ಪಾಪ ಅಡಕೆ ಲೆಕ್ಕವನ್ನು ಅದೇ ಲಿಪಿಯಲ್ಲಿ ಬರೆದಿಡುತ್ತಿದ್ದರು. ಆದರೆ ಕಚೇರಿಯ ಕಾಗದ ಇದ್ದದ್ದು ಕನ್ನಡದಲ್ಲಿ, ಅದರ ಮೇಲಿನ ಮುದ್ರೆ ಇಂಗ್ಲಿಷಿನಲ್ಲಿ. ತೋಟದ ಒಂದು ಭಾಗವನ್ನು ಸಾಲಕ್ಕೆ ಆಧಾರವಾಗಿ ಬರೆದುಕೊಡುತ್ತಿದ್ದೇನೆ ಎಂದು ತಿಳಿದು ಉಪ್ಪಾಪ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಅದು ಕ್ರಯಪತ್ರವಾಗಿತ್ತು ಎಂದು ಗೊತ್ತಾದದ್ದು ಎರಡು ಮಳೆಗಾಲ ಕಳೆದ ಮೇಲೆ. ಬರೆಸಿಕೊಂಡವರ ಹೆಸರು ಈಗ ಬೇಡ, ಅವರೂ ಇಲ್ಲ, ಉಪ್ಪಾಪನೂ ಇಲ್ಲ. ಆ ತೋಟದ ಕೆರೆ ಈಗಲೂ ನಮ್ಮ ಅಂಗಳದಿಂದ ಕಾಣುತ್ತದೆ. ಮಾಮ ಹುಡುಗನಾಗಿದ್ದಾಗ ಈಜು ಕಲಿತದ್ದು ಅದರಲ್ಲಿ.

ಹೆಣ್ಣುಮಕ್ಕಳ ಮಾತು ಇನ್ನೂ ಕಷ್ಟ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಹೈಸ್ಕೂಲಿನವರೆಗೆ ಕನ್ನಡದಲ್ಲಿ ಓದಿದ್ದೇ ಆ ಕಾಲಕ್ಕೆ ದೊಡ್ಡ ಸುದ್ದಿ. ಅವರ ತಂದೆ ವಕೀಲರು, ಮಗಳನ್ನು ಶಾಲೆಗೆ ಕಳಿಸುವ ಧೈರ್ಯ ಮಾಡಿದರು. ಆ ಒಬ್ಬ ಹುಡುಗಿಯ ಓದಿನಿಂದ 'ಚಂದ್ರಗಿರಿಯ ತೀರದಲ್ಲಿ' ಬಂತು, ಹೊಳೆಯ ಎರಡು ದಡದ ನಮ್ಮ ಹೆಂಗಸರ ಬದುಕು ಕನ್ನಡಕ್ಕೆ ಗೊತ್ತಾಯಿತು. ಅವಳ ವಯಸ್ಸಿನ ಎಷ್ಟು ಹುಡುಗಿಯರು ಶಾಲೆಯ ಮುಖ ನೋಡದೆ ಉಳಿದರು? ನನ್ನ ಉಮ್ಮ ಅವರಲ್ಲಿ ಒಬ್ಬರು.

ನಮಗೂ ಬಂದ ಪಾಲು

ಬಲ್ಮಠಕ್ಕೆ ನಮ್ಮವರು ಹೋಗಲಿಲ್ಲ. ಆದರೆ ಅಲ್ಲಿ ಹುಟ್ಟಿದ್ದು ನಮ್ಮ ಮನೆಗೆ ಬಾರದೆ ಇರಲಿಲ್ಲ. ಹೆಂಚು ಮಾತ್ರವಲ್ಲ.

ಮಕ್ಕಳಿಗೆ ಪುಸ್ತಕ ಬೇಕಾಯಿತು, ಪುಸ್ತಕಕ್ಕೆ ಅಚ್ಚುಕೂಟ ಬೇಕಾಯಿತು. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಕಲ್ಲಚ್ಚಿನ ಮುದ್ರಣ ಶುರುವಾಯಿತು. 1843ರ ಜುಲೈ 1ರಂದು ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದರು, ಕನ್ನಡದ ಮೊದಲ ಪತ್ರಿಕೆ. ಅದು ಹೆಚ್ಚು ಕಾಲ ಬದುಕಲಿಲ್ಲ. ಆದರೆ ಇಂದು ನಾವು ಬೆಳಿಗ್ಗೆ ಚಹಾದ ಜೊತೆ ಓದುವ ಪ್ರತಿ ಕನ್ನಡ ಪತ್ರಿಕೆಯೂ ಅದರ ಮೊಮ್ಮಗುವೇ. 1894ರಲ್ಲಿ ಕಿಟ್ಟೆಲರ ದೊಡ್ಡ ನಿಘಂಟು ಅಚ್ಚಾದದ್ದೂ ಅದೇ ಮುದ್ರಣಾಲಯದಲ್ಲಿ.

ಅದಕ್ಕಿಂತಲೂ ನಮಗೆ ಹತ್ತಿರವಾದದ್ದು ಇನ್ನೊಂದಿದೆ. ತುಳುವಿಗೆ ಹಳೆಯ ಲಿಪಿಯೊಂದಿತ್ತು, ಆದರೆ ಜನಸಾಮಾನ್ಯರ ಕೈಯಲ್ಲಿ ಇರಲಿಲ್ಲ. ಗ್ರೈನರ್ 1842ರಲ್ಲಿ ಮತ್ತಾಯನ ಸುವಾರ್ತೆಯನ್ನು ತುಳುವಿಗೆ ತಂದು ಕನ್ನಡ ಅಕ್ಷರದಲ್ಲಿ ಅಚ್ಚು ಹಾಕಿಸಿದರು. 1886ರಲ್ಲಿ ಮ್ಯಾನರ್ ಅವರ ತುಳು ನಿಘಂಟೂ ಬಂತು. ಮನೆಮಾತೊಂದನ್ನು ಕನ್ನಡ ಲಿಪಿಯಲ್ಲಿ ಅಚ್ಚು ಮಾಡಿ ಪುಸ್ತಕವಾಗಿಸಬಹುದು ಎಂದು ನಮ್ಮ ಜಿಲ್ಲೆ ಕಂಡದ್ದು ಅಲ್ಲಿ. ಇಂದು ಬ್ಯಾರಿ ಭಾಷೆಯ ಕಥೆ, ಕವನ, ನಿಘಂಟು ಬರುವುದೂ ಕನ್ನಡ ಅಕ್ಷರದಲ್ಲೇ. ಬ್ಯಾರಿ ಸಾಹಿತ್ಯ ಅಕಾಡೆಮಿಯೂ ಬಂತು. ಈಗ ಬ್ಯಾರಿಗೆ ಸ್ವಂತ ಲಿಪಿಯೂ ಇದೆ. ಆದರೂ ಮದುವೆ ಕಾಗದದಿಂದ ಮೊಬೈಲಿನ ಸಂದೇಶದವರೆಗೆ ನಾವು ಬ್ಯಾರಿಯನ್ನು ಬರೆಯುವುದು ಬಹುಪಾಲು ಕನ್ನಡದಲ್ಲಿ. ಇದೆಲ್ಲ ಬಲ್ಮಠದ ಕೃಪೆ ಎಂದು ನಾನು ಹೇಳುವುದಿಲ್ಲ. ಆದರೆ ಆ ದಾರಿಯಲ್ಲಿ ಮೊದಲು ನಡೆದವರು ಯಾರೆಂದು ನೆನೆಯುವುದರಿಂದ ನಮಗೇನೂ ಕಡಿಮೆಯಾಗುವುದಿಲ್ಲ.

ಕಾಲವೂ ನಿಂತಲ್ಲಿ ನಿಲ್ಲಲಿಲ್ಲ. 1914ರಲ್ಲಿ ಮಹಾಯುದ್ಧ ಶುರುವಾದಾಗ ಜರ್ಮನ್ ಮಿಷನರಿಗಳನ್ನು ಸರಕಾರ ಬಂಧನದಲ್ಲಿಟ್ಟಿತು. ಹೆಂಚಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಶಾಲೆಗಳು ನಿಧಾನವಾಗಿ ಊರಿನವರ ಕೈಗೆ ಬಂದವು, ಸರಕಾರದ ನಿಯಮದ ಅಡಿಗೆ ಬಂದವು. ಕಾಸರಗೋಡಿನಲ್ಲಿ ಈಗಲೂ ಬಿಇಎಂ ಹೆಸರಿನ ಶಾಲೆ ಇದೆ, ನಮ್ಮ ಮಕ್ಕಳೂ ಅದರಲ್ಲಿ ಓದುತ್ತಾರೆ. ಅಗಲ್ಪಾಡಿಯ ಶಾಲೆಯ ಹೆಸರು ಅನ್ನಪೂರ್ಣೇಶ್ವರಿ. ನನ್ನ ತಂಗಿಯ ಮಗಳು ಕನ್ನಡ ಕಲಿತದ್ದು ಅಲ್ಲಿ, ಮಧ್ಯಾಹ್ನ ಭಟ್ಟರ ಮಕ್ಕಳ ಪಕ್ಕದಲ್ಲಿ ಕೂತು ಉಂಡದ್ದು ಅಲ್ಲಿ. ಬೆಳಿಗ್ಗೆ ಮದ್ರಸ, ಆಮೇಲೆ ಅನ್ನಪೂರ್ಣೇಶ್ವರಿ. ಅವಳ ಈಮಾನಿಗೆ ಏನೂ ಆಗಲಿಲ್ಲ.

ಮಾಮನ ಪ್ರಶ್ನೆಗಳು

ಜೂನ್ ಮೊದಲ ವಾರ ಮತ್ತೆ ಅಗಲ್ಪಾಡಿಗೆ ಹೋದೆ. ಓದಿದ್ದನ್ನೆಲ್ಲ ಮಾಮನಿಗೆ ಹೇಳಿದೆ. 1844ರ ಕಥೆ ಕೇಳಿ "ಹೇಳಲಿಲ್ಲವಾ ನಾನು?" ಎಂದರು. ತಲಶ್ಶೇರಿಯ ಮರಿಯ ಕಥೆಗೆ ಬಹಳ ಹೊತ್ತು ಸುಮ್ಮನಿದ್ದು "ಪಾಪ, ಆ ತಾಯಿ" ಎಂದರು. ಕೆನರಾ ಹೈಸ್ಕೂಲಿನ ಮಾತು ಬಂದಾಗ ಕೆರೆಯ ಕಡೆ ನೋಡಿದರು, ಏನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಬಿಳಿ ಶರಟು ಹಾಕಿ ತಯಾರಾಗಿ ನಿಂತಿದ್ದರು. "ಆ ಹಾಸ್ಟೆಲ್ ನಾನೇ ನೋಡಬೇಕು."

ಸಿಸ್ಟರ್ ವಯಸ್ಸಾದವರು. ಮಾಮನಿಗೆ ಕುರ್ಚಿ ಹಾಕಿಸಿದರು. ಮಾಮ ಬಳಸಿ ಮಾತಾಡಲಿಲ್ಲ. ಐದು ಹೊತ್ತಿನ ನಮಾಜಿಗೆ ಜಾಗ ಇದೆಯಾ? ರಂಝಾನಿನಲ್ಲಿ ಸಹರಿಗೆ ಏನು ವ್ಯವಸ್ಥೆ? ಮಾಂಸ ಎಲ್ಲಿಂದ ತರುತ್ತೀರಿ? ನಿಮ್ಮ ಪ್ರಾರ್ಥನೆಗೆ ಇವಳು ಕೂರಲೇಬೇಕಾ? ಮನೆಯವರು ಯಾವಾಗ ಬಂದು ನೋಡಬಹುದು? ಸಿಸ್ಟರ್ ಒಂದೊಂದಕ್ಕೂ ಉತ್ತರ ಕೊಟ್ಟರು. ನಮಾಜಿಗೆ ಮಹಡಿಯ ಒಂದು ಕೋಣೆ ಇದೆ, ಬೇರೆ ಮುಸ್ಲಿಂ ಹುಡುಗಿಯರೂ ಇದ್ದಾರೆ. ಸಹರಿಗೆ ರಾತ್ರಿಯೇ ಅನ್ನ, ಸಾರು ತೆಗೆದಿಡುತ್ತೇವೆ. ಮಾಂಸದ ವಿಷಯದಲ್ಲಿ ಖಚಿತ ಮಾತು ಕೊಡಲು ಆಗುವುದಿಲ್ಲ, ಬೇಡವಾದರೆ ಆ ದಿನ ಮೊಟ್ಟೆ ಅಥವಾ ತರಕಾರಿ. ಪ್ರಾರ್ಥನೆಗೆ ಒತ್ತಾಯ ಇಲ್ಲ, ಆದರೆ ಸಂಜೆಯ ಮೌನದ ಹೊತ್ತಿನಲ್ಲಿ ಗಲಾಟೆ ಕೂಡದು. ಭಾನುವಾರ ಮಧ್ಯಾಹ್ನ ಮನೆಯವರು ಬರಬಹುದು.

ಮಾಂಸದ ಉತ್ತರ ಮಾಮನಿಗೆ ಹಿಡಿಸಿತು ಎಂದು ನನಗನಿಸುತ್ತದೆ. ಎಲ್ಲದಕ್ಕೂ ಹೂಂ ಅನ್ನುವವರನ್ನು ಅವರು ನಂಬುವುದಿಲ್ಲ.

ನಮ್ಮ ಹಿರಿಯರಿಗೆ 1840ರಲ್ಲಿ ಹೀಗೆ ಹೋಗಿ ಕೂತು ಪ್ರಶ್ನೆ ಕೇಳುವ ಅವಕಾಶ ಇರಲಿಲ್ಲ. ಎದುರಿಗೆ ಕಲೆಕ್ಟರ ಬೆಂಬಲ ಇದ್ದ ದೊರೆಗಳು, ಕೇಳಲು ಭಾಷೆ ಇಲ್ಲ, ಕಾನೂನು ಗೊತ್ತಿಲ್ಲ. ಆಗ ಮನೆಯ ಬಾಗಿಲು ಮುಚ್ಚುವುದೇ ಅವರಿಗೆ ತಿಳಿದ ದಾರಿ. ಇಂದು ನಮಗೆ ಆ ನೆಪ ಇಲ್ಲ. ಹೆದರಿಕೆ ಇದ್ದರೆ ಹೋಗಿ ಕೇಳಬಹುದು. ಉತ್ತರ ಸರಿ ಕಾಣದಿದ್ದರೆ ಬೇರೆ ಕಡೆ ನೋಡಬಹುದು. ಬೇರೆ ಕಡೆಯೂ ಇಲ್ಲವಾದರೆ ನಾವೇ ಒಂದು ಹಾಸ್ಟೆಲ್ ಕಟ್ಟಬಹುದು. ನಮ್ಮ ಜಮಾಅತುಗಳಲ್ಲಿ ದುಡ್ಡಿಗೇನೂ ಕೊರತೆ ಇಲ್ಲ. ಮಂಗಳೂರಿಗೆ ಓದಲು ಬರುವ ಕಾಸರಗೋಡಿನ ನಮ್ಮ ಹುಡುಗಿಯರಿಗೆ ನಮ್ಮದೇ ಹಾಸ್ಟೆಲುಗಳು ಎಷ್ಟಿವೆ ಎಂದು ಒಮ್ಮೆ ಎಣಿಸಿ ನೋಡಿ. ಆದರೆ ಹೆದರಿಕೆ ಎಂದು ಹೇಳಿ ಹುಡುಗಿಯನ್ನು ಅಡಿಗೆಕೋಣೆಯಲ್ಲಿ ಕೂರಿಸುವುದು ಮಾತ್ರ ಹಿರಿಯರಿಗೆ ಮಾಡುವ ಗೌರವವಲ್ಲ.

ಸಿಸ್ಟರ್ ಒಂದು ಹಾಳೆ ಮುಂದಿಟ್ಟರು. ಹಾಸ್ಟೆಲಿನ ನಿಯಮಗಳು, ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್. ಕೆಳಗೆ ವಿದ್ಯಾರ್ಥಿಯ ರುಜು, ಪೋಷಕರ ರುಜು. ನಾನು ಪೆನ್ನು ತೆಗೆದೆ. ಮಾಮ ನನ್ನ ಕೈ ಹಿಡಿದು ನಿಲ್ಲಿಸಿದರು, ಹಾಳೆಯನ್ನು ಹುಡುಗಿಯ ಕಡೆ ಸರಿಸಿದರು.

"ನೀನು ಓದು ಮೋಳೇ. ಎರಡೂ ಕಡೆ ಓದು, ಒಂದು ಸಾಲೂ ಬಿಡಬೇಡ. ಆಮೇಲೆ ರುಜು ಹಾಕು."